ಹೆಸರು ಹೇಳಿಕೊಂಡು ಬರುವ ರಾಕ್ಷಸ

ಬಣ್ಣ ಹಚ್ಚಿ ಜನರನ್ನು ಹೆದರಿಸೋದನ್ನೇ ಹೊಟ್ಟೆಪಾಡು ಮಾಡಿಕೊಂಡ ನಟನೊಬ್ಬ ಮುದುಕನಾಗುತ್ತಾನೆ. ಅವನನ್ನು ನೋಡಿ ಈಗ ಯಾರೂ ಹೆದರೋದಿಲ್ಲ. ಅವನು ಏನು ಮಾಡಬೇಕು? ಇದನ್ನೇ ಹಿಡಿದುಕೊಂಡು 1968ರಲ್ಲಿ ಒಂದು ಹಾರರ್ ಸಿನಿಮಾ ಬಂತು. ಹೆಸರು ‘ಟಾರ್ಗೆಟ್ಸ್’. ಪೀಟರ್ ಬಾಗ್ಡನೋವಿಚ್ ತನ್ನ ಹೆಸರಿನಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ಅದು. ಮುದುಕ ನಟನ ಪಾತ್ರ ಮಾಡಿದ್ದು ಬೋರಿಸ್ ಕಾರ್ಲಾಫ್. 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಆ ಹೊಲಿಗೆ ಹಾಕಿದ ಹಣೆಯ ದೈತ್ಯನಾಗಿದ್ದವರು.

ಹಾರರ್ ಸಿನಿಮಾ ಅಂದ್ರೆ ಜೀವ ಬಿಡುವ ಗೆಳೆಯರು ನನಗೆ ಬಳ್ಳಾರಿಯಲ್ಲಿ ಜಾಸ್ತಿ ಜನ ಇದ್ದಾರೆ. ಅವರಲ್ಲಿ ಬಹಳ ಮಂದಿ ಈ ಸಿನಿಮಾದ ಹೆಸರೇ ಕೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಥೆಯ ಕೊನೆಯನ್ನೂ ಹೇಳುತ್ತೇನೆ. ಕೊನೆ ಗೊತ್ತಾದರೆ ರುಚಿ ಕೆಡುವ ಜಾತಿಯ ಸಿನಿಮಾ ಇದಲ್ಲ.

ಮೊದಲು ಇದು ಹುಟ್ಟಿದ ರೀತಿ ಕೇಳಿ. ರೋಜರ್ ಕಾರ್ಮನ್ ಅಂತ ಒಬ್ಬ ನಿರ್ಮಾಪಕ. ಕಡಿಮೆ ದುಡ್ಡಿನಲ್ಲಿ, ಕಡಿಮೆ ದಿನದಲ್ಲಿ ಸಿನಿಮಾ ಮುಗಿಸೋದರಲ್ಲಿ ಎತ್ತಿದ ಕೈ. ಕಾರ್ಲಾಫ್ ಅವರಿಂದ ಅವನಿಗೆ ಎರಡು ದಿನದ ಕೆಲಸ ಬಾಕಿ ಬರಬೇಕಿತ್ತು. ಅದನ್ನು ಬಿಟ್ಟುಬಿಡಲು ಮನಸ್ಸಿಲ್ಲ. ತನ್ನ ಬಳಿ ಕೆಲಸ ಮಾಡುತ್ತಿದ್ದ ಬಾಗ್ಡನೋವಿಚ್‌ನನ್ನು ಕರೆದು ಲೆಕ್ಕ ಹೇಳಿದ. 1963ರಲ್ಲಿ ತಾನೇ ತೆಗೆದ ‘ದಿ ಟೆರರ್’ ಚಿತ್ರದಿಂದ ಕಾರ್ಲಾಫ್ ಇರುವ 20 ನಿಮಿಷ ತಗೋ. ಎರಡು ದಿನದಲ್ಲಿ ಅವರ ಜೊತೆ ಹೊಸದಾಗಿ 20 ನಿಮಿಷ ತೆಗಿ. ಬೇರೆ ನಟರನ್ನು ಹಾಕಿಕೊಂಡು 40 ನಿಮಿಷ ತೆಗಿ. ಸೇರಿಸಿದರೆ 80 ನಿಮಿಷದ ಸಿನಿಮಾ ಆಯ್ತಲ್ಲ!

ಇಂಥ ಶರತ್ತು ಹಾಕಿದರೆ ಎಂಥವರೂ ಏನೋ ಒಂದು ಸುತ್ತಿ ಕೈ ತೊಳೆದುಕೊಳ್ಳುತ್ತಾರೆ. ಬಾಗ್ಡನೋವಿಚ್ ಮತ್ತು ಅವನ ಹೆಂಡತಿ ಪಾಲಿ ಪ್ಲಾಟ್ ಕೂತು ಯೋಚನೆ ಮಾಡಿದರು. ಹಳೇ ಚಿತ್ರದ ತುಣುಕುಗಳು ಕೋಟೆ, ಕತ್ತಲೆ, ಸಿಡಿಲು ಅಂತ ಸವೆದುಹೋದ ಸರಕು. ಅದನ್ನು ಮುಚ್ಚಿಡೋದು ಯಾಕೆ? ಆ ಸವಕಲುತನವನ್ನೇ ಕಥೆ ಮಾಡಿದರು. ‘ಟಾರ್ಗೆಟ್ಸ್’ ಶುರುವಾಗೋದು ಆ ಹಳೇ ಚಿತ್ರದ ದೃಶ್ಯದಿಂದಲೇ. ಆಮೇಲೆ ದೀಪ ಹತ್ತಿಕೊಳ್ಳುತ್ತದೆ. ಅದು ಸಣ್ಣ ಪ್ರಿವ್ಯೂ ಕೋಣೆ. ಬೈರನ್ ಒರ್ಲಾಕ್ ಅನ್ನೋ ಮುದಿ ನಟ ತನ್ನ ಹೊಸ ಚಿತ್ರವನ್ನು ಈಗಷ್ಟೇ ನೋಡಿ ಮುಗಿಸಿದ್ದಾನೆ. ಅವನ ಮುಖದಲ್ಲಿ ಕಳೆಯೇ ಇಲ್ಲ. ಸಾಕು, ನಾನು ಇನ್ನು ನಟಿಸೋದಿಲ್ಲ ಅನ್ನುತ್ತಾನೆ. ನಿರ್ಮಾಪಕನಿಗೆ ಸಿಟ್ಟು. ಹೊಸ ಕಥೆ ಬರೆದಿಟ್ಟುಕೊಂಡು ಕಾದಿದ್ದ ಸ್ಯಾಮಿ ಅನ್ನೋ ಹುಡುಗನಿಗೆ ಆಘಾತ. ಸ್ಯಾಮಿ ಪಾತ್ರವನ್ನು ಬಾಗ್ಡನೋವಿಚ್ ತಾನೇ ಮಾಡಿದ್ದಾನೆ.

ಒರ್ಲಾಕ್ ಯಾಕೆ ಬಿಡುತ್ತಾನೆ? ತಾನು ಹಳೇ ಕಾಲದ ವಸ್ತು ಆಗಿಬಿಟ್ಟೆ ಅನ್ನೋದು ಅವನ ನೋವು. ಪತ್ರಿಕೆಯಲ್ಲಿ ಗುಂಡಿಕ್ಕಿ ಜನರನ್ನು ಕೊಂದ ಹುಡುಗನ ಸುದ್ದಿ ಇದೆ. ಇಂಥದ್ದು ದಿನಾ ನಡೆಯುವಾಗ ಬಣ್ಣ ಬಳಿದುಕೊಂಡ ನನ್ನನ್ನು ನೋಡಿ ಯಾರು ಹೆದರುತ್ತಾರೆ ಅನ್ನುತ್ತಾನೆ.

ಅವನು ಕೋಣೆಯಿಂದ ರಸ್ತೆಗೆ ಬರುತ್ತಾನೆ. ಎದುರುಗಡೆ ಬಂದೂಕಿನ ಅಂಗಡಿ. ಒಳಗೆ ಬಾಬಿ ಥಾಂಪ್ಸನ್ ಅನ್ನೋ ಯುವಕ ಬಂದೂಕು ಎತ್ತಿ ದುರ್ಬೀನಿನಲ್ಲಿ ಗುರಿ ನೋಡುತ್ತಿದ್ದಾನೆ. ಗುರಿಯ ಗೆರೆಗಳು ಸರಿಯಾಗಿ ಒರ್ಲಾಕ್ ಮೇಲೆ ಕೂರುತ್ತವೆ. ಅಲ್ಲಿಂದ ಮುಂದೆ ಎರಡು ಕಥೆಗಳು ಅಕ್ಕಪಕ್ಕ ಸಾಗುತ್ತವೆ.

ಈಗ ನಮ್ಮ ದೊಡ್ಡಪ್ಪನ ವಿಷಯ ಹೇಳಬೇಕು. ಅವರನ್ನು ಬಿಟ್ಟು ಈ ಸಿನಿಮಾದ ಬಗ್ಗೆ ನಾನು ಯೋಚನೆ ಮಾಡಲಾರೆ.

ದೊಡ್ಡಪ್ಪ ಸಿರುಗುಪ್ಪ ಕಡೆಯ ಹಳ್ಳಿಯವರು. ಕಾಲುವೆ ನೀರಿನ ಭತ್ತದ ಗದ್ದೆ, ಸುಗ್ಗಿ ಮುಗಿದ ಮೇಲೆ ಬಯಲಾಟ. ಅವರಿಗೆ ಯಾವತ್ತೂ ರಕ್ಕಸನ ಪಾತ್ರವೇ. ‘ದೇವಿ ಮಹಾತ್ಮೆ’ಯಲ್ಲಿ ರಕ್ತಬೀಜಾಸುರ. ದನಿ ಹಾಗಿತ್ತು, ಆಳೂ ಹಾಗಿದ್ದರು. ಸಂಜೆಗೇ ಬಣ್ಣಕ್ಕೆ ಕೂತರೆ ಮುಗಿಯುವಷ್ಟರಲ್ಲಿ ಊರು ಉಂಡು ಬಂದು ಅಟ್ಟದ ಮುಂದೆ ಕೂತಿರುತ್ತಿತ್ತು. ಮುಖಕ್ಕೆ ಕೆಂಪು, ಕಣ್ಣಿನ ಸುತ್ತ ದಪ್ಪ ಕಾಡಿಗೆ, ಹುರಿ ಮಾಡಿದ ದೊಡ್ಡ ಮೀಸೆ, ಹೆಗಲ ಮೇಲೆ ಭುಜಕೀರ್ತಿ, ತಲೆ ಮೇಲೆ ಭಾರದ ಕಿರೀಟ. ಅವರು ಹೆಜ್ಜೆ ಹಾಕಿದರೆ ಅಟ್ಟದ ಹಲಗೆ ಧಡ್ ಧಡ್ ಅನ್ನೋದು. ನಾವು ಹುಡುಗರು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆವು.

ಬಯಲಾಟದಲ್ಲಿ ಒಂದು ಪದ್ಧತಿ ಇದೆ. ಪಾತ್ರ ಯಾವುದೇ ಇರಲಿ, ಅಟ್ಟದ ಮೇಲೆ ಬಂದ ತಕ್ಷಣ ಸಾರಥಿ ಕೇಳುತ್ತಾನೆ, ತಾವು ದಾರು, ತಮ್ಮ ನಾಮಾಂಕಿತ ಏನು ಅಂತ. ರಕ್ಕಸನೂ ಹೇಳಲೇಬೇಕು. “ಎಲೈ ಸಾರಥಿ” ಅಂತ ಶುರು ಮಾಡಿ ತನ್ನ ಹೆಸರು, ತನ್ನ ಕುಲ, ತನಗೆ ಸಿಕ್ಕ ವರ, ಯಾರ ಮೇಲೆ ಹಗೆ, ಯಾಕೆ ಬಂದೆ, ಎಲ್ಲಾ ಒಪ್ಪಿಸುತ್ತಾನೆ. ಅದು ಮುಗಿಯುವ ತನಕ ಯಾರ ಮೇಲೂ ಕೈ ಮಾಡುವಂತಿಲ್ಲ. ನಾವು ಹೆದರುತ್ತಿದ್ದೆವು ನಿಜ. ಆದರೆ ಯಾರಿಗೆ ಹೆದರುತ್ತಿದ್ದೇವೆ ಅನ್ನೋದು ನಮಗೆ ಗೊತ್ತಿತ್ತು. ಬೆಳಗಿನ ಜಾವಕ್ಕೆ ದೇವಿ ಬಂದು ಅವನನ್ನು ಕೊಲ್ಲುತ್ತಾಳೆ ಅನ್ನೋದೂ ಗೊತ್ತಿತ್ತು.

ದೊಡ್ಡಪ್ಪನಿಗೆ ವಯಸ್ಸಾಯ್ತು. ಮೊಣಕಾಲು ಹಿಡಿದುಕೊಂಡಿತು. ಆಟಗಳೂ ಕಡಿಮೆಯಾದವು. ಒಂದು ಸಲ ಜಾತ್ರೆಯಲ್ಲಿ ಅವರು ಬಣ್ಣ ಹಾಕಿ ಬಂದಾಗ ಮುಂದೆ ಕೂತ ಹುಡುಗರು ಮೊಬೈಲ್ ಹಿಡಿದು ನಕ್ಕರು. ಮನೆಗೆ ಬಂದು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾ ಹೇಳಿದರು: “ಇನ್ನ ಸಾಕಪ್ಪ. ಹೆದರೋ ಮಂದಿ ಇಲ್ಲ ಈಗ.” ಆ ಮಾತಿಗೆ ನಾನು ಏನೂ ಹೇಳಲಿಲ್ಲ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒರ್ಲಾಕ್ ಹೆಚ್ಚೂಕಡಿಮೆ ಅದೇ ಮಾತು ಹೇಳಿದಾಗ ನನಗೆ ಮೈ ಜುಂ ಅಂದಿತು. ಬೇಸಿಗೆಯ ರಾತ್ರಿ, ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೆ. ಅಲ್ಲಿಗೇ ನಿಲ್ಲಿಸಿ ಆ ದೃಶ್ಯವನ್ನು ಮತ್ತೆ ಹಾಕಿಕೊಂಡೆ.

ಬಾಬಿಯ ಕಥೆಗೆ ಬರೋಣ. 1966ರ ಆಗಸ್ಟ್ 1ರಂದು ಚಾರ್ಲ್ಸ್ ವಿಟ್‌ಮನ್ ಅನ್ನೋನು ತಾಯಿಯನ್ನೂ ಹೆಂಡತಿಯನ್ನೂ ಕೊಂದು, ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರ ಹತ್ತಿ, ಕೆಳಗೆ ಓಡಾಡುತ್ತಿದ್ದವರ ಮೇಲೆ ಗುಂಡು ಹಾರಿಸಿದ. ಬಾಬಿಯ ಪಾತ್ರಕ್ಕೆ ಅದೇ ಆಧಾರ. ಟಿಮ್ ಓಕೆಲಿ ಆ ಪಾತ್ರ ಮಾಡಿದ್ದಾನೆ. ನೀಟಾಗಿ ತಲೆ ಬಾಚಿಕೊಂಡ, ಅಪ್ಪನಿಗೆ ‘ಸರ್’ ಅನ್ನುವ, ಚಾಕಲೇಟ್ ತಿನ್ನುವ ಹುಡುಗ. ಮನೆಯಲ್ಲಿ ಎಲ್ಲರೂ ಕೂತು ಉಣ್ಣುತ್ತಾರೆ, ಟಿವಿ ನೋಡುತ್ತಾರೆ. ಕಾರಿನ ಡಿಕ್ಕಿ ತುಂಬ ಬಂದೂಕು. ಒಂದು ರಾತ್ರಿ ಹೆಂಡತಿಗೆ ಹೇಳಲು ನೋಡುತ್ತಾನೆ, ತಲೆಯಲ್ಲಿ ಏನೇನೋ ವಿಚಾರ ಬರುತ್ತಿದೆ ಅಂತ. ಆ ಮಾತು ಅವಳ ಕಿವಿಗೆ ಸರಿಯಾಗಿ ಬೀಳೋದೇ ಇಲ್ಲ. ಮಾರನೇ ದಿನ ಅವಳನ್ನು ಕೊಲ್ಲುತ್ತಾನೆ, ತಾಯಿಯನ್ನು ಕೊಲ್ಲುತ್ತಾನೆ, ದಿನಸಿ ತಂದುಕೊಟ್ಟ ಹುಡುಗನನ್ನೂ ಬಿಡೋದಿಲ್ಲ.

ಕೊಂದ ಮೇಲೆ ಏನು ಮಾಡುತ್ತಾನೆ ನೋಡಿ. ಹೆಣಗಳನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸುತ್ತಾನೆ. ಕಾರ್ಪೆಟ್ ಮೇಲೆ ರಕ್ತ ಆದ ಕಡೆಯೆಲ್ಲಾ ಟವಲ್ ಹಾಸುತ್ತಾನೆ. ಅವ್ವ ಬೈದಾಳು ಅನ್ನೋ ಹಾಗೆ, ಅಷ್ಟು ಶಿಸ್ತಾಗಿ. ಹಿಂದೆ ಸಂಗೀತ ಇಲ್ಲ. ಇಡೀ ಸಿನಿಮಾದಲ್ಲಿ ಹಿನ್ನೆಲೆ ಸಂಗೀತ ಅಂತ ಇಲ್ಲವೇ ಇಲ್ಲ. ರೇಡಿಯೋ, ಟಿವಿ, ಕಾರಿನ ಸದ್ದು, ಹೆಜ್ಜೆ ಸದ್ದು, ಅಷ್ಟೇ. ಹಾರರ್ ಸಿನಿಮಾದಲ್ಲಿ ಸಂಗೀತ ನಮಗೆ ಮೊದಲೇ ಸುಳಿವು ಕೊಡುತ್ತೆ, ಈಗ ಬರುತ್ತೆ ತಯಾರಾಗು ಅಂತ. ಇಲ್ಲಿ ಆ ಸುಳಿವನ್ನೂ ಕಿತ್ತುಕೊಂಡಿದ್ದಾರೆ.

ನಮ್ಮ ಬಯಲಾಟದಲ್ಲಿ ಆ ಸುಳಿವು ಕೊಡುತ್ತಿದ್ದದ್ದು ಸಾರಥಿ. ಬಾಬಿಗೆ ಸಾರಥಿ ಇಲ್ಲ. ನೀನು ಯಾರು, ಯಾಕೆ ಬಂದೆ ಅಂತ ಅವನನ್ನು ಕೇಳುವವರಿಲ್ಲ. ಈ ಸಿನಿಮಾದಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ಅದು.

ಸಿಂಧನೂರಿನಲ್ಲಿ ಮೇಷ್ಟ್ರಾಗಿರುವ ಗೆಳೆಯನೊಬ್ಬನಿಗೆ ಸಿನಿಮಾ ತೋರಿಸಿದೆ. ಅವನಿಗೆ ಇದೇ ಸಮಾಧಾನ ಆಗಲಿಲ್ಲ. “ಆ ಹುಡುಗ ಯಾಕ ಹಂಗ ಮಾಡಿದ ಅಂತ ಒಂದು ಮಾತು ಹೇಳಬೇಕಿತ್ತಪ್ಪ ಅವರು” ಅಂದ. ನಾನು ಒಪ್ಪೋದಿಲ್ಲ. ಕಾರಣ ಹೇಳಿದ್ದರೆ ಬಾಬಿಗೂ ಕುಲಗೋತ್ರ ಸಿಕ್ಕಿಬಿಡುತ್ತಿತ್ತು. ಅವನೂ ಅಟ್ಟದ ಮೇಲಿನ ರಕ್ಕಸರ ಸಾಲಿಗೆ ಸೇರಿಬಿಡುತ್ತಿದ್ದ. ವಾಟ್ಸಾಪ್‌ನಲ್ಲಿ ಯಾರೋ ಸಿಸಿಟಿವಿ ತುಣುಕು ಕಳಿಸುತ್ತಾರೆ. ಹಗಲು ಹೊತ್ತು, ರಸ್ತೆ, ಜನ ಓಡಾಡುತ್ತಿದ್ದಾರೆ, ಒಬ್ಬ ಬಂದು ಇನ್ನೊಬ್ಬನನ್ನು ಕಡಿದು ಹೋಗುತ್ತಾನೆ. ಸದ್ದೂ ಇರೋದಿಲ್ಲ. ನೋಡಬಾರದು ಅಂದುಕೊಂಡರೂ ಕಣ್ಣಿಗೆ ಬಿದ್ದುಬಿಡುತ್ತೆ. ಆ ತುಣುಕಿನಲ್ಲೂ ಯಾರೂ ಹೆಸರು ಹೇಳೋದಿಲ್ಲ. ಅಂಥದ್ದನ್ನು 1968ರಲ್ಲೇ ಪರದೆ ಮೇಲೆ ಇಟ್ಟರಲ್ಲ ಇವರು.

ಪಾಲಿ ಪ್ಲಾಟ್ ಹೆಸರನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಕಥೆಯಲ್ಲಿ ಪಾಲು ಇದ್ದದ್ದಷ್ಟೇ ಅಲ್ಲ, ಚಿತ್ರದ ಒಟ್ಟು ನೋಟವನ್ನು ರೂಪಿಸಿದವರೂ ಅವರೇ. ಒರ್ಲಾಕ್ ಇರುವ ಕೋಣೆಗಳೆಲ್ಲಾ ಬೆಚ್ಚನೆಯ ಬಣ್ಣ. ಬಾಬಿಯ ಮನೆ ತಣ್ಣಗಿನ, ಪೇಲವ ಬಣ್ಣ. ಯಾವ ಸಾಮಾನೂ ಆಚೀಚೆ ಆಗಿಲ್ಲ. ಅಲ್ಲಿ ಯಾರೂ ವಾಸ ಇಲ್ಲವೇನೋ ಅನಿಸುತ್ತೆ. ಚಿತ್ರಕಥೆಯನ್ನು ತಿದ್ದಿಕೊಟ್ಟವರು ಹಿರಿಯ ನಿರ್ದೇಶಕ ಸ್ಯಾಮ್ಯುಯೆಲ್ ಫುಲ್ಲರ್. ಅವರು ಹೆಸರು ಹಾಕಿಸಿಕೊಳ್ಳಲಿಲ್ಲ. ಸ್ಯಾಮಿಗೆ ಆ ಹೆಸರು ಬಂದದ್ದು ಅವರಿಂದಲೇ. ಕ್ಯಾಮೆರಾ ಹಿಡಿದದ್ದು ಲಾಸ್ಲೋ ಕೋವಾಚ್.

ಕಾರ್ಲಾಫ್ ಬಗ್ಗೆ ಎಷ್ಟು ಹೇಳಿದರೂ ನನಗೆ ಕಡಿಮೆ. 1887ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರ ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರಾಟ್. ತಂದೆ ಭಾರತದಲ್ಲಿ ಬ್ರಿಟಿಷರ ಉಪ್ಪಿನ ಇಲಾಖೆಯಲ್ಲಿ ನೌಕರಿಯಲ್ಲಿದ್ದವರು. ಮನೆತನದಲ್ಲಿ ಭಾರತದ ರಕ್ತ ಇತ್ತು. ಮೈಬಣ್ಣ ಸ್ವಲ್ಪ ಕಪ್ಪು ಅಂತ ಹಾಲಿವುಡ್ ಅವರಿಗೆ ವರ್ಷಗಟ್ಟಲೆ ಅರಬ್ಬರ, ಇಂಡಿಯನ್ನರ ಸಣ್ಣಪುಟ್ಟ ಪಾತ್ರ ಕೊಟ್ಟಿತ್ತು. ‘ಫ್ರಾಂಕೆನ್‌ಸ್ಟೈನ್’ ಬಂದಾಗ ಅವರಿಗೆ 44 ತುಂಬುತ್ತಿತ್ತು. ಜ್ಯಾಕ್ ಪಿಯರ್ಸ್ ಗಂಟೆಗಟ್ಟಲೆ ಕೂರಿಸಿ ಬಣ್ಣ ಹಾಕುತ್ತಿದ್ದರು. ಆ ಚಿತ್ರದ ಶುರುವಿನ ಟೈಟಲ್ಲಿನಲ್ಲಿ ದೈತ್ಯನ ಎದುರು ನಟನ ಹೆಸರೇ ಇಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. 1933ರಲ್ಲಿ ಹಾಲಿವುಡ್ ನಟರ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. ಪರದೆ ಮೇಲೆ ದೈತ್ಯ, ಹೊರಗೆ ತುಂಬಾ ಮೃದು ಮನುಷ್ಯ ಅಂತ ಅವರ ಜೊತೆ ಕೆಲಸ ಮಾಡಿದವರೆಲ್ಲಾ ಹೇಳಿದ್ದಾರೆ. ನಮ್ಮ ದೊಡ್ಡಪ್ಪನೂ ಹಾಗೇ. ಕೋಳಿ ಕೊಯ್ಯುವಾಗ ಆಚೆ ಎದ್ದು ಹೋಗುತ್ತಿದ್ದರು.

‘ಟಾರ್ಗೆಟ್ಸ್’ ಮಾಡುವಾಗ ಕಾರ್ಲಾಫ್ ಎಂಬತ್ತರ ಹತ್ತಿರ. ಶ್ವಾಸಕೋಶ ಹಾಳಾಗಿತ್ತು. ಕಾಲಿಗೆ ಆಸರೆಯ ಪಟ್ಟಿ ಕಟ್ಟಿಕೊಂಡು, ಕೋಲು ಹಿಡಿದು ನಡೆಯುತ್ತಿದ್ದರು. ಕಥೆ ಓದಿ ಅವರಿಗೆ ಎಷ್ಟು ಹಿಡಿಸಿತು ಅಂದರೆ, ಬಾಕಿ ಇದ್ದದ್ದು ಎರಡು ದಿನ, ಅವರು ಕೊಟ್ಟಿದ್ದು ಐದು ದಿನ.

ಒಂದು ದೃಶ್ಯ ಇದೆ. ಹೋಟೆಲ್ ಕೋಣೆ. ಒರ್ಲಾಕ್ ಡ್ರೈವ್-ಇನ್ ಚಿತ್ರಮಂದಿರದಲ್ಲಿ ಜನರ ಮುಂದೆ ಬರಬೇಕು. ಏನು ಮಾತಾಡಬೇಕು ಅಂತ ಚರ್ಚೆ. ಯಾರದೋ ಪೊಳ್ಳು ಪ್ರಶ್ನೆಗಳಿಗೆ ಉತ್ತರ ಹೇಳೋದಕ್ಕಿಂತ ಒಂದು ಕಥೆ ಹೇಳುತ್ತೇನೆ ಅನ್ನುತ್ತಾನೆ. ಬಾಗ್ದಾದಿನ ವ್ಯಾಪಾರಿಯೊಬ್ಬನ ಆಳು ಸಂತೆಯಿಂದ ನಡುಗುತ್ತಾ ಓಡಿಬರುತ್ತಾನೆ. ಸಂತೆಯಲ್ಲಿ ಸಾವು ನನ್ನನ್ನು ನೋಡಿ ಕೈ ಬೀಸಿ ಹೆದರಿಸಿತು, ಕುದುರೆ ಕೊಡಿ, ಸಮಾರಾಗೆ ಓಡಿಹೋಗುತ್ತೇನೆ ಅನ್ನುತ್ತಾನೆ. ವ್ಯಾಪಾರಿ ಸಂತೆಗೆ ಹೋಗಿ ಸಾವನ್ನೇ ಕೇಳುತ್ತಾನೆ, ನಮ್ಮ ಆಳನ್ನು ಯಾಕೆ ಹೆದರಿಸಿದೆ ಅಂತ. ಹೆದರಿಸಲಿಲ್ಲ, ಅವನನ್ನು ಇಲ್ಲಿ ಕಂಡು ನನಗೇ ಆಶ್ಚರ್ಯ ಆಯ್ತು, ಇವತ್ತು ರಾತ್ರಿ ಅವನು ನನಗೆ ಸಮಾರಾದಲ್ಲಿ ಸಿಗಬೇಕಿತ್ತು ಅನ್ನುತ್ತದೆ ಸಾವು.

ಹಳೇ ಕಥೆ, ಎಲ್ಲರೂ ಕೇಳಿರೋದೇ. ಆದರೆ ಕಾರ್ಲಾಫ್ ಹೇಳೋದನ್ನು ಕೇಳಬೇಕು. ಕ್ಯಾಮೆರಾ ನಿಧಾನಕ್ಕೆ ಅವರ ಮುಖದ ಹತ್ತಿರ ಬರುತ್ತದೆ, ಎಲ್ಲೂ ಕತ್ತರಿ ಇಲ್ಲ. ಮುಖದಲ್ಲಿ ಬಣ್ಣ ಇಲ್ಲ, ಕೃತಕ ಹುಬ್ಬಿಲ್ಲ. ದನಿ ಒಂದೇ. ಸಾವಿನ ಮಾತು ಬಂದಾಗ ದನಿ ಏರಿಸೋದೂ ಇಲ್ಲ, ಸುಮ್ನೆ ಮೆತ್ತಗಾಗುತ್ತೆ. ಒಂದೇ ಸಲಕ್ಕೆ ಮುಗಿಸಿದರಂತೆ, ಸೆಟ್ಟಿನಲ್ಲಿದ್ದವರೆಲ್ಲಾ ಚಪ್ಪಾಳೆ ಹೊಡೆದರಂತೆ. ನನ್ನ ಬೆನ್ನಿನಲ್ಲಿ ಚಳಿ ಹರಿಯಿತು, ಬಳ್ಳಾರಿಯ ಬೇಸಿಗೆಯಲ್ಲಿ. ನನ್ನನ್ನು ನೋಡಿ ಯಾರೂ ಹೆದರೋದಿಲ್ಲ ಅಂದವನು ಬರೀ ಬಾಯಿಮಾತಿನಲ್ಲಿ ಹೆದರಿಸಿಬಿಟ್ಟ. ಒರ್ಲಾಕ್ ತನ್ನ ಬಗ್ಗೆ ಅಂದುಕೊಂಡದ್ದು ತಪ್ಪು ಅನ್ನೋದಕ್ಕೆ ನನಗೆ ಇದೇ ಸಾಕ್ಷಿ.

ಇನ್ನೊಂದು ಸಣ್ಣ ಜಾಗ. ಒರ್ಲಾಕ್ ಮತ್ತು ಸ್ಯಾಮಿ ರಾತ್ರಿ ಕುಡಿದು ಮಲಗಿದ್ದಾರೆ. ಬೆಳಿಗ್ಗೆ ಒರ್ಲಾಕ್ ಎದ್ದು ಕನ್ನಡಿಯಲ್ಲಿ ತನ್ನ ಮುಖ ಕಂಡು ತಾನೇ ಬೆಚ್ಚಿಬೀಳುತ್ತಾನೆ. ಆ ಚಿತ್ರದಲ್ಲಿ ಮನಸಾರೆ ನಗಬಹುದಾದ ಜಾಗ ಅದು.

ಕೊನೆಗೆ ಎರಡೂ ಕಥೆ ಕೂಡೋದು ಡ್ರೈವ್-ಇನ್‌ನಲ್ಲಿ. ದೊಡ್ಡ ಬಯಲು, ಸಾಲಾಗಿ ಕಾರುಗಳು, ಜನ ಕಾರಿನಲ್ಲೇ ಕೂತು ಸಿನಿಮಾ ನೋಡುತ್ತಾರೆ. ನಮ್ಮ ಕಡೆ ಟೆಂಟ್ ಟಾಕೀಸ್ ಕಂಡವರಿಗೆ ಆ ಬಯಲಿನ ಗಾಳಿ ಗೊತ್ತು. ಬಾಬಿ ಹಗಲೆಲ್ಲಾ ಹೆದ್ದಾರಿ ಪಕ್ಕದ ಎಣ್ಣೆ ಟ್ಯಾಂಕಿನ ಮೇಲೆ ಕೂತು, ತಂದ ಬುತ್ತಿ ತಿಂದು, ಹೋಗುವ ಕಾರುಗಳ ಮೇಲೆ ಗುಂಡು ಹಾರಿಸಿ, ಪೊಲೀಸರಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದಿದ್ದಾನೆ. ಪರದೆಯ ಹಿಂದಿನ ಅಟ್ಟಣಿಗೆ ಹತ್ತುತ್ತಾನೆ. ಪರದೆಯಲ್ಲಿ ಒಂದು ತೂತು. ಅದರಿಂದ ಬಂದೂಕಿನ ನಳಿಗೆ ತೂರಿಸುತ್ತಾನೆ. ಮುಂದೆ ಪರದೆ ತುಂಬ ಒರ್ಲಾಕ್‌ನ ಹಳೇ ಶೈಲಿಯ ಕೋಟೆ, ಕತ್ತಲೆ. ಜನ ಅದನ್ನು ನೋಡಿ ಹೆದರಬೇಕು ಅಂತ ಬಂದವರು. ಗುಂಡು ಬರೋದು ಅದರ ಹಿಂದಿನಿಂದ. ಅಕ್ಕಪಕ್ಕದ ಕಾರಿನಲ್ಲಿ ಜನ ಸಾಯುತ್ತಿದ್ದರೂ ಎಷ್ಟೋ ಹೊತ್ತು ಯಾರಿಗೂ ಗೊತ್ತಾಗೋದಿಲ್ಲ. ಪ್ರೊಜೆಕ್ಟರ್ ನಡೆಸುವವನೂ ಸಾಯುತ್ತಾನೆ. ರೀಲು ತಾನಾಗೇ ಓಡುತ್ತಿರುತ್ತೆ.

ನಮ್ಮ ಜಿಲ್ಲೆಯ ತೊಗಲುಗೊಂಬೆ ಆಟ ನೋಡಿದವರಿಗೆ ಪರದೆಯ ಹಿಂದೆ ಯಾರಿರುತ್ತಾರೆ ಅನ್ನೋದು ಚೆನ್ನಾಗಿ ಗೊತ್ತು. ದೀಪ, ಗೊಂಬೆ, ಹಾಡುವ ಮನೆಮಂದಿ. ಬೆಳಗಲ್ಲು ವೀರಣ್ಣನವರಂಥ ಹಿರಿಯರು ಆ ಪರದೆಯ ಹಿಂದೆ ಒಂದು ಬದುಕನ್ನೇ ಕಳೆದರು. ರಾವಣನನ್ನು ಕುಣಿಸುವ ಕೈ ಅಲ್ಲಿರುತ್ತೆ, ಆ ಕೈಗೆ ನಮ್ಮ ಮೇಲೆ ಪ್ರೀತಿ ಇರುತ್ತೆ. ಪರದೆಯ ಹಿಂದಿನ ಆ ಜಾಗದಲ್ಲಿ ಬಾಬಿಯನ್ನು ಕೂರಿಸಿದ್ದು ನನಗೆ ಬಹಳ ನೋವು ಕೊಟ್ಟಿತು. ನೋಡುವವನಿಗೂ ಆಡಿಸುವವನಿಗೂ ನಡುವೆ ಇದ್ದ ನಂಬಿಕೆಗೇ ಆ ತೂತು ಬಿದ್ದಿದೆ.

ಆಗ ಒರ್ಲಾಕ್ ಕಾರಿನಿಂದ ಇಳಿಯುತ್ತಾನೆ. ಅವನ ಕಾರ್ಯದರ್ಶಿ ಜೆನ್ನಿಗೆ ಗುಂಡು ತಗುಲಿದೆ. ಕಾಲು ಎಳೆಯುತ್ತಾ, ಕೋಲು ಊರುತ್ತಾ ಬಾಬಿಯ ಕಡೆ ನೇರ ನಡೆಯುತ್ತಾನೆ. ಪರದೆ ಮೇಲೆ ಅದೇ ಹೊತ್ತಿಗೆ ದೈತ್ಯಗಾತ್ರದ ಒರ್ಲಾಕ್ ನಡೆದು ಬರುತ್ತಿದ್ದಾನೆ. ಬಾಬಿಗೆ ಯಾವುದು ನಿಜ ಗೊತ್ತಾಗೋದಿಲ್ಲ. ಪರದೆಗೆ ಗುಂಡು ಹಾರಿಸುತ್ತಾನೆ, ಮುದುಕನಿಗೆ ಗುಂಡು ಹಾರಿಸುತ್ತಾನೆ. ಮುದುಕ ನಿಲ್ಲೋದಿಲ್ಲ. ಹತ್ತಿರ ಬಂದು ಕೋಲಿನಿಂದ ಬಂದೂಕು ಬೀಳಿಸಿ, ಕೆನ್ನೆಗೆ ಛಟಾರ್ ಛಟಾರ್ ಅಂತ ಬಾರಿಸುತ್ತಾನೆ. ಹುಡುಗ ಮೂಲೆಯಲ್ಲಿ ಮುದುಡಿಕೊಳ್ಳುತ್ತಾನೆ. ನಾನು ಹೆದರಿದ್ದು ಇದಕ್ಕಾ ಅಂತ ಒರ್ಲಾಕ್ ಕೇಳಿಕೊಳ್ಳುತ್ತಾನೆ.

ಹಳೇ ಭಯದ ಕಾಲ ಮುಗಿಯಿತು, ಹೊಸ ಭಯ ಬಂತು ಅಂತ ಈ ಸಿನಿಮಾ ಹೇಳುತ್ತೆ ಅನ್ನೋ ಮಾತು ಓದಿದ್ದೇನೆ. ಈ ಕೊನೆಯನ್ನು ನೋಡಿದ ಮೇಲೆ ನನಗೆ ಆ ಮಾತು ಒಪ್ಪಿಗೆ ಆಗೋದಿಲ್ಲ. ಮನೆ ಬಿಟ್ಟು ಬಂದ ಮೇಲೆ ಬಾಬಿ ಹೆಚ್ಚೂಕಡಿಮೆ ಯಾರ ಮುಖವನ್ನೂ ಸರಿಯಾಗಿ ನೋಡಿಲ್ಲ. ದುರ್ಬೀನಿನಲ್ಲಿ ಚುಕ್ಕಿಗಳನ್ನಷ್ಟೇ ಕಂಡಿದ್ದಾನೆ. ಅವನ ಎದುರಿಗೆ ಒಂದು ಮುಖ ಬಂದು ನಿಂತದ್ದು ಆಗ. ಅದೂ ಜೀವಮಾನ ಪೂರ್ತಿ ಭಯಕ್ಕೆ ಮುಖ ಕೊಟ್ಟ ಮನುಷ್ಯನ ಮುಖ. ಬೇರೆ ಯಾರು ಆ ಹುಡುಗನನ್ನು ನಿಲ್ಲಿಸಿದ್ದರೂ ಇಷ್ಟು ಸರಿಹೊಂದುತ್ತಿರಲಿಲ್ಲ.

ಚಿತ್ರ ಯಾಕೆ ಓಡಲಿಲ್ಲ? 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆ ಆಗಿತ್ತು, ಜೂನ್‌ನಲ್ಲಿ ರಾಬರ್ಟ್ ಕೆನಡಿ ಅವರದು. ಪ್ಯಾರಾಮೌಂಟ್ ಕಂಪನಿ ಆಗಸ್ಟ್‌ನಲ್ಲಿ ಚಿತ್ರ ಬಿಡುಗಡೆ ಮಾಡಿತು, ಶುರುವಿಗೆ ಬಂದೂಕು ನಿಯಂತ್ರಣದ ಬಗ್ಗೆ ಒಂದು ಮಾತು ಸೇರಿಸಿ. ಗುಂಡಿನ ಸದ್ದು ಕೇಳಿ ಸೋತಿದ್ದ ಜನ ಟಾಕೀಸಿಗೆ ಬರಲಿಲ್ಲ. ಬಾಗ್ಡನೋವಿಚ್‌ಗೆ ದೊಡ್ಡ ಹೆಸರು ಬಂದದ್ದು 1971ರ ‘ದಿ ಲಾಸ್ಟ್ ಪಿಕ್ಚರ್ ಶೋ’ ಚಿತ್ರದಿಂದ, ಇದು ಹಿಂದೆ ಉಳಿಯಿತು.

ದೊಡ್ಡಪ್ಪ ತೀರಿಕೊಂಡು ವರ್ಷಗಳಾದವು. ಬದುಕಿದ್ದರೆ ಆ ಹೋಟೆಲ್ ಕೋಣೆಯ ದೃಶ್ಯವನ್ನು ಅವರಿಗೆ ತೋರಿಸಿ, ಮಾತುಗಳನ್ನು ಕನ್ನಡದಲ್ಲಿ ಹೇಳಿಕೊಡುತ್ತಿದ್ದೆ. ಹೆದರೋ ಮಂದಿ ಇದ್ದಾರೆ ದೊಡ್ಡಪ್ಪ, ಮೊಬೈಲ್ ಹಿಡಿದು ನಕ್ಕ ಆ ಹುಡುಗರೂ ಮನೆಗೆ ಹೋಗಿ ಹೆದರಿರುತ್ತಾರೆ ಅಂತ ಹೇಳುತ್ತಿದ್ದೆ. ಸಿನಿಮಾದ ಒರ್ಲಾಕ್ ನಟನೆ ಬಿಡುತ್ತೇನೆ ಅಂದ. ಕಾರ್ಲಾಫ್ ಬಿಡಲಿಲ್ಲ. ಸ್ಯಾಮಿಯ ಕಥೆಯನ್ನು ಒರ್ಲಾಕ್ ಬೇಡ ಅಂದ, ಬಾಗ್ಡನೋವಿಚ್‌ನ ಕಥೆಗೆ ಕಾರ್ಲಾಫ್ ಹೂಂ ಅಂದರು. ಅದಾದ ಮೇಲೂ ಉಸಿರಾಟಕ್ಕೆ ಕಷ್ಟ ಪಡುತ್ತಲೇ ಮೆಕ್ಸಿಕೋದ ಕೆಲವು ಅಗ್ಗದ ಹಾರರ್ ಚಿತ್ರಗಳಲ್ಲಿ ಪಾತ್ರ ಮಾಡಿದರು. 1969ರ ಫೆಬ್ರವರಿ 2ರಂದು ತೀರಿಕೊಂಡರು. ಆ ಚಿತ್ರಗಳು ತೆರೆಗೆ ಬಂದದ್ದು ಅವರು ಹೋದ ಮೇಲೆ.